ಮೈಕ್ ಟೆಸ್ಟಿಗೆ ಆಡಿದ ಹದಿನಾಲ್ಕು ಮಾತು

ಆ ಸ್ಟುಡಿಯೋದಲ್ಲಿ ಗಂಟೆಗೆ ಬಾಡಿಗೆ ಒಂಬೈನೂರು. ಎ.ಸಿ. ಬೇಕೆಂದರೆ ಮೇಲೆ ನೂರು. ಆದರೆ ರೆಕಾರ್ಡಿಂಗ್ ನಡೆಯುವಾಗ ಎ.ಸಿ. ಆರಿಸಲೇಬೇಕು, ಅದರ ಗುಂಯ್ ಸದ್ದು ಮೈಕಿಗೆ ಬೀಳುತ್ತದೆ. ಹಾಗಾಗಿ ತಿಳಿದವರು ಆ ನೂರು ಕೊಡುತ್ತಿರಲಿಲ್ಲ. ಓದುವವರಿಗೆ ಮುಗಿದ ನಿಮಿಷಕ್ಕೆ ಅರವತ್ತು. ಮುಗಿದ ನಿಮಿಷ ಎಂದರೆ ಕೆಮ್ಮಿದ್ದು, ತೊದಲಿದ್ದು, ಹಾಳೆ ಮಗುಚಿದ್ದು, ನೀರು ಗುಟುಕರಿಸಿದ್ದು ಎಲ್ಲವನ್ನೂ ಕತ್ತರಿಸಿ ಉಳಿದ ನಿಮಿಷ. ಒಂದು ಗಂಟೆ ಗಂಟಲು ಹರಿದುಕೊಂಡರೆ ಹದಿನೈದು ನಿಮಿಷ ಕೈಗೆ ಹತ್ತುತ್ತಿತ್ತು. ಬಿಸಿನೀರು ಪುಕ್ಕಟೆ, ಫ್ಲಾಸ್ಕ್ ನೀವೇ ತರಬೇಕು.

ಪುಕ್ಕಟೆ ಸಿಗುತ್ತಿದ್ದದ್ದು ಇನ್ನೊಂದಿತ್ತು, ಮೈಕ್ ಟೆಸ್ಟಿನ ಅರ್ಧ ನಿಮಿಷ. ಓದುವವರು ಒಳಕೋಣೆಯಲ್ಲಿ ಕೂತು ಬಾಯಿಗೆ ಬಂದದ್ದು ಮಾತಾಡಬೇಕು. ಗಾಜಿನ ಆಚೆ ಕೂತ ಸೌಂಡ್ ಎಂಜಿನಿಯರ್ ಅದನ್ನು ಕೇಳಿ ಗುಂಡಿ ತಿರುಗಿಸಿ ದನಿಯ ಮಟ್ಟ ಕೂಡಿಸಬೇಕು. ಆ ಅರ್ಧ ನಿಮಿಷಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಆದ್ದರಿಂದ ಏನು ಮಾತಾಡಿದಿರಿ ಎಂದು ಯಾರೂ ಕೇಳುವುದೂ ಇಲ್ಲ. ಒಬ್ಬರು ಒಂದರಿಂದ ಇಪ್ಪತ್ತು ಎಣಿಸುತ್ತಿದ್ದರು. ಜಾಹೀರಾತಿಗೆ ದನಿ ಕೊಡುವ ಒಬ್ಬರು ತಮ್ಮ ಬೀಗರನ್ನು ಬೈಯುತ್ತಿದ್ದರು.

ಅವಳು ಫ್ರೆಂಚಿನಲ್ಲಿ ಮಾತಾಡುತ್ತಿದ್ದಳು.

ಅವಳ ಕೆಲಸವೂ ಫ್ರೆಂಚಿನದೇ. ಫೋನಿನಲ್ಲಿ ಭಾಷೆ ಕಲಿಸುವ ಒಂದು ಕಂಪನಿಗೆ ಪಾಠ ಓದುವುದು. ಮೊದಲು ಫ್ರೆಂಚ್ ವಾಕ್ಯ, ಅದರ ಬೆನ್ನಿಗೆ ಕನ್ನಡ ಅರ್ಥ. ಕಾಲೇಜಿನಲ್ಲಿ ಕಲಿತವಳಲ್ಲ. ಒಂಬತ್ತು ವರ್ಷ ಪರದೇಶದಲ್ಲಿ ಒಂದು ಫ್ರೆಂಚ್ ಕುಟುಂಬದ ಮನೆಯಲ್ಲಿ ಮೂರು ಮಕ್ಕಳನ್ನು ಸಾಕಿದವಳು. ಆ ಮನೆಯ ಅಜ್ಜಿ ಮೊಮ್ಮಗನನ್ನು 'ಮೋಂ ಶೂ' ಎಂದು ಕರೆಯುತ್ತಿದ್ದಳು, ಅಂದರೆ ನನ್ನ ಕೋಸೇ ಎಂದು. ಚಿಕ್ಕವಳಿಗೆ 'ಮಾ ಪ್ಯೂಸ್', ನನ್ನ ಚಿಗಟವೇ ಎಂದು. ಮೊದಲ ವಾರ ಇದನ್ನೆಲ್ಲ ಬೈಗುಳವೆಂದೇ ಅವಳು ತಿಳಿದಿದ್ದಳು. ಅಜ್ಜಿ ಚಿಗಟವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ನೇವರಿಸುವುದನ್ನು ಕಂಡ ಮೇಲೆ, ಈ ಜನ ಪ್ರೀತಿ ಮಾಡುವುದು ಹೀಗೆ ಎಂದು ಗೊತ್ತಾಯಿತು. ಉಂಡೆಯಾ, ಬೆಚ್ಚಗೆ ಹೊದೆದುಕೋ, ಮೆಟ್ಟಿಲು ನೋಡಿ ಇಳಿ, ಬೇಗ ಬಾ. ಅವಳಿಗೆ ಬಂದ ಫ್ರೆಂಚೆಲ್ಲ ಇಂಥದ್ದೇ.

ಸ್ಟುಡಿಯೋದಲ್ಲಿ ಅವಳಿಗೆ ಫ್ರೆಂಚಮ್ಮ ಎಂದು ಹೆಸರು ಬಿದ್ದಿತ್ತು. ಎಂಜಿನಿಯರನ ಹೆಸರು ನಿಶ್ಶಬ್ದ. ರೆಕಾರ್ಡಿಂಗಿಗೆ ಮೊದಲು ಅವನು ಆ ಒಂದು ಪದ ಹೇಳುತ್ತಿದ್ದ, ಬೇರೆ ಪದ ಹೇಳಿದ್ದನ್ನು ಕೇಳಿದವರು ಕಡಿಮೆ. ವಯಸ್ಸು ನಲವತ್ತರ ಆಸುಪಾಸು, ಮದುವೆಯಾಗಿಲ್ಲ. ಮನೆಯಲ್ಲಿ ಕಿವಿ ಕೇಳದ ಅಪ್ಪ. ಅಲ್ಲಿ ದಿನವೂ ಕೂಗಿ ಕೂಗಿ ಸಾಕಾಗಿ ಇಲ್ಲಿ ಬಂದು ಸುಮ್ಮನಿರುತ್ತಾನೆ ಎಂದು ಸ್ಟುಡಿಯೋದ ಯಜಮಾನರು ತಮಾಷೆ ಮಾಡುತ್ತಿದ್ದರು.

ಶುರುವಾದದ್ದು ಹನ್ನೊಂದು ತಿಂಗಳ ಹಿಂದೆ, ಒಂದು ಮಂಗಳವಾರ. ಅವಳು ಒಳಗೆ ಹೋಗಿ ಕೂತಾಗ ಅವನು ಗಾಜಿನಾಚೆ ಬ್ರೆಡ್ಡಿನ ತುಂಡೊಂದನ್ನು ಬಾಯಿಗಿಟ್ಟುಕೊಂಡಿದ್ದ. ಅವಳು ಹೆಡ್‌ಫೋನ್ ಹಾಕಿಕೊಂಡದ್ದೇ, ಸದ್ದಾದೀತೆಂದು ಅಗಿಯುವುದನ್ನು ನಿಲ್ಲಿಸಿಬಿಟ್ಟ. ಕೆನ್ನೆ ಉಬ್ಬಿಸಿಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ, ಮಾತಾಡಿ ಎಂದು ಕೈಯಾಡಿಸಿದ.

"ತು ಪ ಮಾಶೇ, ಮೋಂ ಶೂ," ಎಂದಳು ಅವಳು ಮೈಕಿಗೆ.

ಅವನು ತಲೆಯಾಡಿಸಿ ಮಟ್ಟ ಸರಿಯಿದೆ ಎಂದು ಹೆಬ್ಬೆರಳು ಎತ್ತಿದ. ಬ್ರೆಡ್ಡು ಹಾಗೇ ಕೆನ್ನೆಯಲ್ಲಿತ್ತು. ಅವಳು ನಗು ನುಂಗಿಕೊಂಡು ಪಾಠ ಓದಿದಳು.

ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಅರ್ಧ ನಿಮಿಷ ಅವಳು ಅವನೊಂದಿಗೆ ಮಾತಾಡಿದಳು. ಕನ್ನಡದಲ್ಲಿ ಅಷ್ಟನ್ನು ಅವಳು ಯಾರಿಗೂ ಹೇಳಲಾರಳು. ಒಮ್ಮೆ ಹೇಳಿದ್ದಳು, ಮದುವೆಯಾದ ಹೊಸದರಲ್ಲಿ, ಗಂಡನಿಗೆ. ಅವನು ಆ ಮಾತನ್ನು ಅವಳದೇ ದನಿಯಲ್ಲಿ ಅನುಕರಿಸಿ ಗೆಳೆಯರ ಮುಂದೆ ಆಡಿ ತೋರಿಸಿದ. ಐದು ಜನ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅಡುಗೆಮನೆಗೆ ಕೇಳಿತು. ಆ ಮದುವೆ ಮುರಿದದ್ದು ಬೇರೆ ಕಾರಣಕ್ಕೆ. ಆದರೆ ಅವಳೊಳಗೆ ಏನೋ ಮುರಿದದ್ದು ಆ ನಗುವಿಗೇ.

ಫ್ರೆಂಚಿನಲ್ಲಿ ಆ ಭಯವಿರಲಿಲ್ಲ. ಕೇಳುವವನಿಗೆ ಅರ್ಥವಾಗುವುದಿಲ್ಲ, ಅರ್ಥವಾಗುವವರು ಯಾರೂ ಕೇಳುವುದಿಲ್ಲ. ಹೊರಬಾಗಿಲ ಮೇಲಿನ ದೀಪ ಹತ್ತಿದ ಮೇಲೆ ತಾನೇ ರೆಕಾರ್ಡಿಂಗು? ಅದಕ್ಕೂ ಮೊದಲಿನದು ಗಾಳಿಗೆ ಹೋಯಿತು. ಹೀಗೆಂದು ಅವಳು ನಂಬಿಕೊಂಡಿದ್ದಳು.

ಆ ಶುಕ್ರವಾರ ಅವಳು ಬಂದಾಗ ಮೂರೂವರೆ ಗಂಟೆ. ಯಜಮಾನರು ಕಂಟ್ರೋಲ್ ರೂಮಿನ ಸೋಫಾದಲ್ಲಿ ಒಂದು ಕಾಲು ಮಡಚಿ ಕೂತಿದ್ದರು. ಒಳ್ಳೆಯ ಸುದ್ದಿಯಿದ್ದಾಗ ಅವರು ಹಾಗೆ ಕೂರುತ್ತಾರೆ. ನಿಶ್ಶಬ್ದ ಬೆನ್ನು ಹಾಕಿ ತಂತಿ ಸುತ್ತುತ್ತಿದ್ದ. ಅದು ಅವನ ಕೊನೆಯ ದಿನ. ಮೂರು ವಾರದ ಹಿಂದೆ, ಯಾರೂ ಕೇಳದೆ, ಅವನಾಗಿಯೇ ಯಜಮಾನರಿಗೆ ಹೇಳಿದ್ದ: ಬೇರೆ ಊರಿನಲ್ಲಿ ರೇಡಿಯೋದಲ್ಲಿ ಕೆಲಸ ಸಿಕ್ಕಿದೆ, ಹದಿನಾಲ್ಕು ಗಂಟೆ ರೈಲು, ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ. ರೈಲು ನಾಳೆ ಮಧ್ಯಾಹ್ನ. ಅದಕ್ಕೂ ಎರಡು ತಿಂಗಳು ಮೊದಲಿನಿಂದ ಅವನು ಅವಳ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದ. ತಾನೇನು ತಪ್ಪು ಮಾಡಿದೆನೆಂದು ಅವಳಿಗೆ ಹೊಳೆದಿರಲಿಲ್ಲ.

"ಫ್ರೆಂಚಮ್ಮ, ನಲವತ್ತೊಂದನೇ ಪಾಠ ವಾಪಸ್ ಬಂತು," ಎಂದರು ಯಜಮಾನರು ನಗುನಗುತ್ತಾ.

"ಯಾಕೆ? ಉಚ್ಚಾರ ತಪ್ಪಿತ್ತಾ?"

"ಉಚ್ಚಾರ ಬಂಗಾರ ಅಂತೆ. ಆದ್ರೆ ಪ್ರೀತಿ ಹೇಳೋ ಪಾಠ ನೋಡಿ ಅದು. 'ನೀನೇ ನನ್ನ ಬಾಳಿನ ಸೂರ್ಯ' ಅನ್ನೋದನ್ನ ನೀವು ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದಿದ್ದೀರಂತೆ. ಕಂಪನಿಯ ಪರೀಕ್ಷಕಿ ಮೇಡಂ ಹೇಳಿದ್ದು, ನಾನಲ್ಲ."

"ಬಾಳಿನ ಸೂರ್ಯ ಅಂತ ಯಾರು ಸರ್ ಯಾರಿಗೆ ಅಂತಾರೆ? ನಾನಿದ್ದ ಮನೇಲಿ ಒಂಬತ್ತು ವರ್ಷದಲ್ಲಿ ಒಬ್ಬರೂ ಅನ್ನಲಿಲ್ಲ."

"ಮೇಡಂ ಕೂಡ ಅದನ್ನೇ ಅಂದ್ರು. ಅದಕ್ಕೇ ಆ ವಾಕ್ಯಗಳನ್ನ ಬಿಸಾಕಿ ಬೇರೆ ಆರಿಸಿದಾರೆ. ನಾನು ಹೋದ ವಾರ ನಮ್ಮ ಹಾರ್ಡ್ ಡಿಸ್ಕ್ ಪೂರ್ತಿ ಕಾಪಿ ಮಾಡಿ ಕಳಿಸಿದ್ದೆ. ಯಾವ ಫೈಲ್ ಬೇಕು ಯಾವುದು ಬೇಡ ಅಂತ ಆರಿಸ್ತಾ ಕೂರೋರು ಯಾರು? ಆ ಅಮ್ಮ ಕೂತು ಎಲ್ಲಾ ಕೇಳಿದಾರೆ. ನಿಮ್ಮ ಮೈಕ್ ಟೆಸ್ಟುಗಳಿದಾವಲ್ಲ, ಅದರಲ್ಲಿ ಹದಿನಾಲ್ಕು ವಾಕ್ಯ ಆರಿಸಿದಾರೆ. ಮೂವತ್ತು ವರ್ಷ ಫ್ರೆಂಚ್ ಪಾಠ ಮಾಡಿದೀನಿ, ಇಂಥ ಅಕ್ಕರೆ ಪುಸ್ತಕದಲ್ಲಿ ಸಿಕ್ಕಿಲ್ಲ ಅಂದ್ರು."

ಅವಳ ಕೈಯಲ್ಲಿದ್ದ ಫ್ಲಾಸ್ಕ್ ಮೇಜಿಗೆ ತಗುಲಿ ಠಣ್ ಎಂದಿತು.

"ಟೆಸ್ಟ್ ರೆಕಾರ್ಡ್ ಆಗಲ್ವಲ್ಲ," ಎಂದಳು.

ತಂತಿ ಸುತ್ತುತ್ತಿದ್ದವನು ತಿರುಗಲಿಲ್ಲ. "ಆಗುತ್ತೆ. ನೀವು ಬಾಗಿಲು ಮುಚ್ಚಿದ ಕೂಡಲೇ ಒತ್ತಿಬಿಡ್ತೀನಿ. ಒಂದೊಂದು ಸಲ ಟೆಸ್ಟಲ್ಲೇ ಒಳ್ಳೇ ದನಿ ಬಂದುಬಿಡುತ್ತೆ."

"ಮತ್ತೆ ಬಾಗಿಲ ಮೇಲಿನ ದೀಪ?"

"ಅದು ಹೊರಗಿನವರಿಗೆ. ಒಳಗೆ ನುಗ್ಗಬಾರದು ಅಂತ."

ಹನ್ನೊಂದು ತಿಂಗಳು ಅವಳು ಆ ದೀಪವನ್ನು ನಂಬಿ ಬಾಯಿ ಬಿಟ್ಟಿದ್ದಳು.

ಯಜಮಾನರು ಒಂದು ಹಾಳೆ ಚಾಚಿದರು. ಹದಿನಾಲ್ಕು ಫ್ರೆಂಚ್ ವಾಕ್ಯಗಳು ಅಚ್ಚಾಗಿದ್ದವು, ಪಕ್ಕದಲ್ಲಿ ಖಾಲಿ ಜಾಗ. ಐದನೆಯದಕ್ಕೂ ಹದಿನಾಲ್ಕನೆಯದಕ್ಕೂ ಎರಡೆರಡು ನಕ್ಷತ್ರದ ಗುರುತು. ಅವಳು ಮೊದಲನೆಯದನ್ನು ಓದಿದಳು. ತು ಪ ಮಾಶೇ, ಮೋಂ ಶೂ. ಕಿವಿಯ ತುದಿ ಬಿಸಿಯಾಯಿತು.

"ಫ್ರೆಂಚ್ ರೆಡಿಯಿದೆ. ಕನ್ನಡ ಅರ್ಥ ಮಾತ್ರ ನಿಮ್ಮ ದನೀಲಿ ಓದಿಬಿಡಿ. ಇದ್ದದ್ದು ಇದ್ದ ಹಾಗೇ ಇರಬೇಕು, ಬಣ್ಣ ಬಳೀಬಾರದು ಅಂದಿದಾರೆ. ಐದು ಗಂಟೆಗೆ ಕಳಿಸಿದ್ರೆ ಮುಂದಿನ ಅರವತ್ತು ಪಾಠ ನಮಗೇ. ಅಂದ್ರೆ ನಿಮಗೇ." ಯಜಮಾನರು ಮಡಚಿದ ಕಾಲು ಬಿಡಿಸಿದರು. "ಅದಿರಲಿ, ಎಲ್ಲಿಂದ ತೆಗೆದ್ರಿ ಇದನ್ನೆಲ್ಲಾ?"

"ಒಂದು ಹಳೇ ನಾಟಕ," ಎಂದಳು ತಟ್ಟನೆ.

"ಅಯ್ಯೋ. ಹಾಗಾದ್ರೆ ನಾಟಕ ಬರೆದೋರ ಒಪ್ಪಿಗೆ ಬೇಕು. ಕಾಪಿರೈಟ್ ಅಂತ ಕೋರ್ಟಿಗೆ ಎಳೀತಾರೆ. ಯಾರು ಬರೆದಿದ್ದು?"

ಅವಳಿಗೆ ಒಂದು ಸುಳ್ಳು ಹೇಳಲು ಬಂತು, ಎರಡನೆಯದು ಬರಲಿಲ್ಲ. "ನಾಟಕ ಅಲ್ಲ. ನಾನೇ ಸುಮ್ನೆ ಬಾಯಿಗೆ ಬಂದದ್ದು ಆಡಿದ್ದು."

"ಹಾಗಾದ್ರೆ ಇನ್ನೂ ಒಳ್ಳೇದು. ಯಾರ ಒಪ್ಪಿಗೇನೂ ಬೇಡ, ನಿಮ್ಮದೊಂದು ಸಹಿ ಸಾಕು."

ನಿಶ್ಶಬ್ದನ ಕೈಯಲ್ಲಿ ತಂತಿಯ ಸುರುಳಿ ನಿಂತಿತ್ತು. ಒಂದು ಕ್ಷಣ ಅವಳತ್ತ ನೋಡಿದ. ಹಾಗೆ ನೋಡದೆ ಎಷ್ಟೋ ದಿನವಾಗಿತ್ತು. ಏನಾದರೂ ಹೇಳಿಯಾನೆಂದು ಅವಳು ಕಾಯುವಷ್ಟರಲ್ಲಿ ಅವನ ಕಣ್ಣು ತಂತಿಗೆ ಮರಳಿತು.

"ಐದು ನಿಮಿಷ. ಅರ್ಥ ಬರೆದುಕೊಂಡು ಬರ್ತೀನಿ," ಎಂದು ಅವಳು ಹಾಳೆ ಹಿಡಿದು ಮೆಟ್ಟಿಲಿಗೆ ಬಂದಳು.

ಮೆಟ್ಟಿಲ ಮೇಲೆ ಕೂತು, ಒಂದೇ ಮನೆಯಲ್ಲಿ ಜೊತೆಗಿರುವ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ; ಮಷೀನಿನ ಕಟಕಟ ಮೊದಲು ಕೇಳಿಸಿತು, ಅಕ್ಕನ ದನಿ ಆಮೇಲೆ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮಷೀನು ನಿಂತಿತು.

"ಯಾರಿಗೆ ಆಡಿದ್ದು? ಆ ಮೌನವ್ರತದವನಿಗಾ?"

"ನಿನಗೆ ಹೇಗೆ ಗೊತ್ತು?"

"ಮಂಗಳವಾರ ಶುಕ್ರವಾರ ನೀನು ಸೀರೆಗೆ ಇಸ್ತ್ರಿ ಹಾಕ್ತೀಯ. ಉಳಿದ ದಿನ ಹಾಗೇ ಓಡ್ತೀಯ. ನಾನೇನು ಕುರುಡೀನಾ?" ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿರಬೇಕು, ದನಿ ಸ್ಪಷ್ಟವಾಯಿತು. "ಅಲ್ವೇ, ಹೇಳೋಕೆ ಕನ್ನಡ ಸಾಲದೆ ಬಂತಾ ನಿನಗೆ? ಪರದೇಶಕ್ಕೆ ಹೋಗಿ ಕೋಸು ತಂದ್ಯಲ್ಲ."

"ತಮಾಷೆ ಬೇಡ ಅಕ್ಕ. ಬೇರೆ ಏನಾದ್ರೂ ಅರ್ಥ ಬರೆದುಬಿಡ್ಲಾ? ಹವಾಮಾನದ ಬಗ್ಗೆ, ತರಕಾರಿ ಬಗ್ಗೆ."

"ಬರಿ. ಯಾವನೋ ಪಾಪದವನು ಅದನ್ನ ನಂಬಿಕೊಂಡು ಕಲಿತು, ತರಕಾರಿ ಕೇಳೋಕೆ ಹೋಗಿ ಅಂಗಡಿಯವಳಿಗೆ ಪ್ರೀತಿ ಹೇಳಿ ಒದೆ ತಿನ್ನಲಿ. ನಿನ್ನ ಅನ್ನದ ಕೆಲಸ ಅದು. ಅದರಲ್ಲಿ ಸುಳ್ಳು ಬೆರೆಸ್ತೀಯಾ?"

ಅವಳು ಹಾಳೆಯ ಅಂಚನ್ನು ಮಡಚಿ ಬಿಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅವರೂ ನಕ್ಕುಬಿಟ್ರೆ?"

ಅಕ್ಕನಿಗೆ ಆ ಹಳೆಯ ನಗು ಗೊತ್ತಿತ್ತು.

"ನಕ್ಕರೆ ನಾಳೆ ಅವನ ರೈಲಿದೆಯಲ್ಲ. ಹೋಗ್ತಾನೆ. ಮತ್ತೆ ಅವನ ಮುಖ ನೋಡೋ ಕಷ್ಟ ನಿನಗಿಲ್ಲ. ಇಷ್ಟು ಅನುಕೂಲ ಯಾರಿಗೆ ಸಿಗುತ್ತೆ ಹೇಳು? ನಗದಿದ್ರೆ ಮಾತ್ರ ನಿನಗೆ ಕಷ್ಟ. ಆಗ ಮುಂದೇನು ಅಂತ ಯೋಚಿಸಬೇಕಾಗುತ್ತೆ."

ಮಷೀನು ಮತ್ತೆ ಕಟಕಟ ಎಂದಿತು. ಅವಳು ಹಾಳೆಯ ಖಾಲಿ ಜಾಗದಲ್ಲಿ ಅರ್ಥ ಬರೆದಳು. ಹದಿಮೂರು ವಾಕ್ಯಕ್ಕೆ ಇದ್ದದ್ದು ಇದ್ದ ಹಾಗೆ. ಐದನೆಯದಕ್ಕೆ ಕೈ ಬರಲಿಲ್ಲ, ಅಲ್ಲಿ ಬೇರೆ ಬರೆದಳು. ಒಂದೇ ಒಂದು ತಾನೇ ಎಂದು ಸಮಾಧಾನ ಮಾಡಿಕೊಂಡಳು.

ಅವಳು ಒಳಗೆ ಬಂದು ಕೂತಾಗ ಯಜಮಾನರು ಇನ್ನೂ ಸೋಫಾದಲ್ಲೇ ಇದ್ದರು, ಬಿಸ್ಕತ್ತಿನ ಪೊಟ್ಟಣ ಬಿಚ್ಚಿಕೊಂಡು, ಕೇಳಲು ಸಿದ್ಧರಾಗಿ. ಗಾಜಿನಾಚೆ ಒಬ್ಬನಲ್ಲ, ಇಬ್ಬರು. ಮೊದಲ ವಾಕ್ಯ ಮುಗಿಯುವುದರೊಳಗೆ ಈ ಮನುಷ್ಯ ಬಿಸ್ಕತ್ತು ಉದುರಿಸಿಕೊಂಡು ನಗುತ್ತಾರೆ. ನಾಳೆ ಬೀಗರನ್ನು ಬೈಯುವವರಿಗೂ ಇಪ್ಪತ್ತು ಎಣಿಸುವವರಿಗೂ ಕತೆ ಹೇಳುತ್ತಾರೆ.

ಆಗ ನಿಶ್ಶಬ್ದನ ದನಿ ಹೆಡ್‌ಫೋನಿನಲ್ಲಿ ಕೇಳಿಸಿತು. ಅವಳಿಗೆ ಹೇಳಿದ್ದಲ್ಲ, ಹಿಂದಕ್ಕೆ ತಿರುಗಿ ಹೇಳಿದ್ದು.

"ಸರ್, ಸೋಫಾ ಕಿರ್ ಅಂತಿದೆ. ಮೈಕಿಗೆ ಬೀಳುತ್ತೆ."

"ಗಾಜು ದಾಟಿ ಬೀಳುತ್ತೇನಯ್ಯಾ?"

"ಇವತ್ತು ಬೀಳ್ತಿದೆ."

"ನನ್ನ ಸ್ಟುಡಿಯೋಲಿ ನಾನೇ ಹೊರಗೆ. ಸರಿಯಪ್ಪ," ಎಂದು ಯಜಮಾನರು ಪೊಟ್ಟಣ ಎತ್ತಿಕೊಂಡು ಹೋದರು.

ಹನ್ನೊಂದು ತಿಂಗಳಲ್ಲಿ ಆ ಸೋಫಾದ ಸದ್ದು ಒಮ್ಮೆಯೂ ಒಳಗೆ ಕೇಳಿರಲಿಲ್ಲ. ಅವಳು ಅವನನ್ನು ನೋಡಿದಳು. ಅವನು ಕಂಪ್ಯೂಟರಿನ ಪರದೆಯನ್ನು ನೋಡುತ್ತಿದ್ದ.

"ನಿಶ್ಶಬ್ದ," ಎಂದ. ಆಮೇಲೆ, "ಮೊದಲನೇದು ಹಾಕ್ತೀನಿ."

ಹೆಡ್‌ಫೋನಿನಲ್ಲಿ ಅವಳ ಹಳೆಯ ದನಿ ಬಂತು. ತು ಪ ಮಾಶೇ, ಮೋಂ ಶೂ. ಅದರಲ್ಲಿ ಅಷ್ಟು ನಗುವಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಅವಳು ಕಣ್ಣು ಹಾಳೆಗೆ ಅಂಟಿಸಿ ಓದಿದಳು.

"ನೀನು ಅಗೀಬಹುದು, ನನ್ನ ಕೋಸೇ."

ಹನ್ನೊಂದು ತಿಂಗಳು 'ನೀವು' ಎಂದವಳ ಬಾಯಿಂದ 'ನೀನು' ಬಂದು ಮೈಕಿನ ಮುಂದೆ ನಿಂತಿತು.

"ಸರಿ," ಎಂದ ಅವನು. "ಎರಡು."

"ಬೆಚ್ಚಗೆ ಏನಾದ್ರೂ ಹಾಕ್ಕೋ. ನಿನ್ನ ಕೋಣೆ ನನ್ನದಕ್ಕಿಂತ ತಣ್ಣಗಿದೆ."

"ಸರಿ. ಮೂರು."

"ಕ್ಷೌರ ಮಾಡಿಸಿದ್ದೀಯ. ಕತ್ತು ಈಗ ಚಿಕ್ಕ ಹುಡುಗನ ಕತ್ತಿನ ಹಾಗಿದೆ."

"ಸರಿ." ಈ ಸಲ 'ಸರಿ' ಸ್ವಲ್ಪ ತಡವಾಗಿ ಬಂತು. ಅವಳು ತಲೆಯೆತ್ತಲಿಲ್ಲ. ಕ್ಷೌರ ಯಾರು ಮಾಡಿಸುವುದಿಲ್ಲ? ಅವನಿಗೆ ಗೊತ್ತಾಗಿರಲಾರದು. ಗೊತ್ತಾಗಿರಬೇಕು. ಗೊತ್ತಾಗಿರಲಾರದು.

"ನಾಲ್ಕು."

"ಅಪ್ಪನಿಗೆ ಹುಷಾರಾಯ್ತಾ? ನೀನು ನಿದ್ದೆ ಮಾಡಿಲ್ಲ, ಕಣ್ಣು ಹೇಳ್ತಿದೆ."

ಅವನು 'ಸರಿ' ಎನ್ನಲೇ ಇಲ್ಲ. ನಂತರ ಐದನೆಯ ವಾಕ್ಯದ ಫ್ರೆಂಚ್ ತಾನಾಗಿಯೇ ಬಂತು. ಅವಳು ಬರೆದಿಟ್ಟ ಸುಳ್ಳನ್ನು ಓದಿದಳು.

"ಕಿವಿ ನೋವಿದ್ರೆ ಡಾಕ್ಟರ ಹತ್ತಿರ ತೋರಿಸು."

"ಇನ್ನೊಂದು ಸಲ."

ಓದಿದಳು.

"ಇನ್ನೊಂದು ಸಲ."

"ಯಾಕೆ? ಸರಿಯಾಗೇ ಓದಿದ್ನಲ್ಲ."

ಅವನು ಆ ದಿನ ಮೊದಲ ಸಲ ಗಾಜಿನ ಮೂಲಕ ನೇರ ನೋಡಿದ. "ನನಗೆ ಫ್ರೆಂಚ್ ಬರಲ್ಲ. ಆದ್ರೆ ಅಲ್ಲಿ ನಿಮ್ಮ ಉಸಿರು ಕೊನೇಲಿ ಮೇಲಕ್ಕೆ ಹೋಗಿದೆ, ಏನೋ ಕೇಳಿದ ಹಾಗೆ. ಕೇಳಿ, ಉತ್ತರಕ್ಕೆ ಕಾದ ಹಾಗೆ. ಇಲ್ಲಿ ಬರೀ ಬುದ್ಧಿ ಹೇಳಿದ ಹಾಗಿದೆ. ಎರಡೂ ಒಂದೇ ಮಾತಲ್ಲ."

ಅವಳು ಸಿಕ್ಕಿಬಿದ್ದಳು. ಹದಿನೈದು ವರ್ಷ ಬೇರೆಯವರ ಉಸಿರು ಕತ್ತರಿಸಿ ಅಂಟಿಸಿದವನ ಮುಂದೆ ಸುಳ್ಳು ಓದಲು ಹೋಗಿದ್ದಳು. ಎದ್ದು ಹೋಗಿಬಿಡಬಹುದಿತ್ತು. ಬಾಗಿಲು ಎರಡು ಹೆಜ್ಜೆ. ಹೋದರೆ ಅರವತ್ತು ಪಾಠ ಹೋಗುತ್ತವೆ, ಅದು ದೊಡ್ಡದಲ್ಲ. ಅವನು ನಾಳೆ ರೈಲು ಹತ್ತುತ್ತಾನೆ, ಆ ಐದನೆಯ ಮಾತು ಯಾವುದೆಂದು ತಿಳಿಯದೆ. ಅದು ದೊಡ್ಡದು.

ಹಾಳೆಯನ್ನು ಮಗುಚಿ ಇಟ್ಟಳು. ಈ ಮಾತಿಗೆ ಹಾಳೆ ಬೇಕಾಗಿರಲಿಲ್ಲ.

"ಯಾವಾಗ್ಲೂ ಒಂದೇ ಕಿವಿಗೆ ಹೆಡ್‌ಫೋನ್ ಇಟ್ಕೋತೀಯ," ಎಂದಳು. ದನಿ ಹಗ್ಗದ ಮೇಲೆ ನಡೆದ ಹಾಗಿತ್ತು. "ಇನ್ನೊಂದು ಕಿವಿ ಯಾರಿಗೆ ಅಂತ ಬಿಟ್ಟಿದ್ದೀಯ?"

ಗಾಜಿನಾಚೆ ಅವನ ಕೈ ತಾನಾಗಿಯೇ ಮೇಲೆ ಹೋಗಿ ಬರಿಯ ಕಿವಿಯನ್ನು ಮುಟ್ಟಿತು. ಅಲ್ಲೇ ನಿಂತಿತು. ಪರದೆಯ ಮೇಲೆ ಗೆರೆ ಓಡುತ್ತಲೇ ಇತ್ತು, ಏನೂ ಇಲ್ಲದ ಚಪ್ಪಟೆ ಗೆರೆ. ಅವಳು ನಗುವಿಗಾಗಿ ಕಾದಳು. ಬಾಯಿಯ ಯಾವ ಮೂಲೆಯಲ್ಲಿ ಅದು ಶುರುವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಐದು ಜನರ ಮುಖದಲ್ಲಿ ನೋಡಿದ್ದಳು.

"ಆರು," ಎಂದ ಅವನು. ದನಿ ಒಣಗಿತ್ತು.

ಆರು, ಏಳು, ಎಂಟು. ಒಂಬತ್ತರಲ್ಲಿ ಅವನ ಸ್ವೆಟರಿನ ಮೊಣಕೈ ಬಿಚ್ಚಿಕೊಂಡ ಮಾತಿತ್ತು, ಬಿಚ್ಚಿ ಕೊಟ್ಟರೆ ಹೊಲಿದು ಕೊಡುತ್ತೇನೆ ಎಂದು. ಹನ್ನೊಂದರಲ್ಲಿ, ಇವತ್ತು ಮಾತೇ ಆಡಲಿಲ್ಲ ನೀನು, ಪಾಠವೆಲ್ಲ ಬೇಗ ಮುಗಿದುಹೋಯಿತು ಎಂದು. ಹನ್ನೆರಡರಲ್ಲಿ, ಯಾಕೆ ಮುಖ ನೋಡುತ್ತಿ​ಲ್ಲ ಎಂದು. ಪ್ರತಿಯೊಂದೂ ಮುಗಿದಾಗ ಅವನು ಮುಂದಿನ ಅಂಕಿ ಹೇಳುತ್ತಿದ್ದ, ಅಷ್ಟೇ. ಅವನು ತಲೆ ತಗ್ಗಿಸಿದ್ದರಿಂದ ಅವಳಿಗೆ ಕಾಣುತ್ತಿದ್ದದ್ದು ಅವನ ಬೈತಲೆ ಮಾತ್ರ. ಅವನು ನಗುತ್ತಿಲ್ಲ ಎಂಬುದು ಖಾತ್ರಿಯಾಯಿತು, ಆದರೆ ಇನ್ನೇನು ಮಾಡುತ್ತಿದ್ದಾನೆಂಬುದು ಖಾತ್ರಿಯಾಗಲಿಲ್ಲ. ನಗು ಒಂದನ್ನೇ ಕಂಡು ಹೆದರಿಕೊಂಡವಳಿಗೆ, ಕರುಣೆ ಅದಕ್ಕಿಂತ ಕೆಟ್ಟದ್ದೆಂದು ಈಗ ಹೊಳೆಯಿತು. ಅಯ್ಯೋ ಪಾಪ ಎಂದುಕೊಂಡು ತಲೆ ತಗ್ಗಿಸಿ ಕೂತಿದ್ದರೆ?

"ಹದಿನಾಲ್ಕು," ಎಂದ.

ಅದು ಮೂರು ವಾರದ ಹಿಂದಿನದು, ಅವನು ಹೋಗುವ ಸುದ್ದಿ ಕೇಳಿದ ದಿನದ್ದು. ಫ್ರೆಂಚಿನ ಕೊನೆಯಲ್ಲಿ ಮೂರೇ ಪದ, 'ನ ಪಾರ್ ಪಾ.' ಅವಳು ಮೈಕಿನ ಹತ್ತಿರಕ್ಕೆ ಬಾಗಿದಳು.

"ಹೋಗಬೇಡ ಅನ್ನೋಕೆ ನಾನು ಯಾರು ಅಂತ ನನಗೇ ಗೊತ್ತಿಲ್ಲ. ಯಾರೋ ಒಬ್ಬಳು ಅಂದ್ಕೋ. ಹೋಗಬೇಡ."

ಅವನ ದನಿ ಬಂತು. "ಇನ್ನೊಂದು ಸಲ."

"ಉಸಿರು ಸರಿಯಿರ್ಲಿಲ್ವಾ?"

"ಸರಿ ಇತ್ತು."

"ಮತ್ತೆ ಹಾಳೆ ಸದ್ದಾಯ್ತಾ?"

"ಇಲ್ಲ. ಏನೂ ತಪ್ಪಿಲ್ಲ. ಇನ್ನೊಂದು ಸಲ ಹೇಳಿ."

ಅವಳು ಹೇಳಿದಳು. ಈ ಸಲ ಮೈಕನ್ನು ನೋಡದೆ ಅವನನ್ನು ನೋಡಿ ಹೇಳಿದಳು. ಅವನೂ ತಲೆ ಎತ್ತಿದ್ದ.

ಪ್ರತಿ ರೆಕಾರ್ಡಿಂಗಿನ ಕೊನೆಗೆ ಒಂದು ನಿಯಮವಿತ್ತು. ಅರ್ಧ ನಿಮಿಷ ಬರಿಯ ಕೋಣೆಯ ಮೌನವನ್ನು ಹಿಡಿಯಬೇಕು. ವಾಕ್ಯಗಳ ನಡುವೆ ಅಂಟಿಸಲು ಅದು ಬೇಕಾಗುತ್ತದೆ. ಓದಿದವರು ಕೋಣೆಯಲ್ಲೇ ಕದಲದೆ ಕೂತಿರಬೇಕು. ಅವನು ಗುಂಡಿ ಒತ್ತಿ ಎದ್ದ. ಕಂಟ್ರೋಲ್ ರೂಮಿನ ಬಾಗಿಲು ದಾಟಿ, ದಪ್ಪ ಬಾಗಿಲು ತಳ್ಳಿ ಒಳಗೆ ಬಂದ. ಅವನು ಈ ಕಡೆಗೆ ಬಂದದ್ದನ್ನು ಅವಳು ಕಂಡದ್ದು ಮೈಕ್ ಕೆಟ್ಟಾಗ ಮಾತ್ರ. ಇನ್ನೊಂದು ಕುರ್ಚಿ ಇರಲಿಲ್ಲ, ಮೇಜಿನ ಅಂಚಿಗೆ ಒರಗಿ ನಿಂತ. ಅವಳು ಬಾಯಿ ತೆರೆಯಹೋದಳು. ಅವನು ಬೆರಳು ತುಟಿಗಿಟ್ಟು ಮೈಕಿನ ಕಡೆ ತೋರಿಸಿದ.

ಅರ್ಧ ನಿಮಿಷ. ಇಷ್ಟು ಹತ್ತಿರದಿಂದ ಅವನ ಕಣ್ಣು ಕಂದು ಬಣ್ಣದ್ದೆಂದು ಕಾಣಿಸಿತು. ಗಾಜಿನ ಮೂಲಕ ಕಪ್ಪೆಂದುಕೊಂಡಿದ್ದಳು. ಕಣ್ಣಂಚು ಕೆಂಪಾಗಿತ್ತು. ಅವಳ ಎದೆ ಬಡಿತ ಮೈಕಿಗೆ ಬಿದ್ದೀತೆಂದು ಹೆದರಿ ಅವಳು ಉಸಿರು ಹಿಡಿದಳು. ಅವನು ಗಡಿಯಾರ ನೋಡಲಿಲ್ಲ. ಅರ್ಧ ನಿಮಿಷ ಕಳೆದದ್ದು ಇಬ್ಬರಿಗೂ ಗೊತ್ತಿತ್ತು, ಇನ್ನಷ್ಟು ಕಳೆಯಿತು.

"ಯಾರಿಗೋ ಆಡ್ತಿದ್ದೀರಿ ಅಂದ್ಕೊಂಡಿದ್ದೆ," ಎಂದ ಅವನು.

"ಯಾರಿಗೆ?"

"ಆ ಫ್ರೆಂಚ್ ಮನೇಲಿ ಇದ್ದವರು ಯಾರಿಗೋ. ಬಿಟ್ಟುಬಂದವರಿಗೆ. ಭಾಷೆ ತಿಳಿಯದಿದ್ರೂ ದನಿ ತಿಳಿಯುತ್ತಲ್ಲ. ಇಷ್ಟು ಅಕ್ಕರೆ. ನನ್ನ ಎದುರಿಗೇ ಕೂತು ಬೇರೆಯವರಿಗೆ. ವಾರಕ್ಕೆ ಎರಡು ಸಲ ಅದನ್ನ ಕೇಳಿ ಮಟ್ಟ ಕೂಡಿಸೋದು ಆಮೇಲಾಮೇಲೆ ಆಗ್ಲಿಲ್ಲ. ಅದಕ್ಕೇ ಬೇರೆ ಕೆಲಸ ಹುಡುಕಿದೆ."

ಅವಳಿಗೆ ಒಮ್ಮೆಲೇ ಸಿಟ್ಟು ಬಂತು. "ಅರ್ಥ ಏನು ಅಂತ ಒಂದು ಮಾತು ಕೇಳಬಾರದಿತ್ತಾ? ಊರು ಬಿಟ್ಟು ಹೋಗೋದು ಸುಲಭವಾಯ್ತಾ?"

"ಕೇಳಿ, ಹೌದು ಬೇರೆಯವರಿಗೇ ಅಂತ ನೀವು ಹೇಳಿಬಿಟ್ಟಿದ್ರೆ?"

"ನೀವು ಹದಿನಾಲ್ಕು ಗಂಟೆ ರೈಲಿನ ದೂರಕ್ಕೆ ಹೋಗ್ತಿದ್ರಿ."

"ಈಗಲೂ ಹೋಗ್ತಿದ್ದೀನಲ್ಲ," ಎಂದ. ತಾನು ಆಡಿದ್ದನ್ನು ತಾನೇ ಕೇಳಿಸಿಕೊಂಡವನಂತೆ ನಿಂತ. "ಟಿಕೆಟ್ ಆಗಿದೆ. ಅಪ್ಪನ ಪೆಟ್ಟಿಗೆ ಕಟ್ಟಿಯಾಗಿದೆ. ಅಲ್ಲಿಯವರಿಗೆ ಮಾತು ಕೊಟ್ಟಿದ್ದೀನಿ."

ಅವಳು ತನ್ನ ಪಾಲಿನದನ್ನು ಎರಡು ಭಾಷೆಯಲ್ಲಿ, ಹದಿನಾಲ್ಕನೆಯದನ್ನು ಕನ್ನಡದಲ್ಲೇ ಎರಡು ಸಲ, ಹೇಳಿ ಮುಗಿಸಿದ್ದಳು. ಇನ್ನು ಬೇಡುವುದು ಅವಳಿಂದ ಆಗದು. ಹಾಳೆಯನ್ನು ಮಡಚಿ ಎದ್ದಳು.

"ಹೋಗಲ್ಲ ಅನ್ನೋಕೆ ಫ್ರೆಂಚಲ್ಲಿ ಏನಂತಾರೆ?" ಎಂದ ಅವನು.

"ಇರ್ತೀನಿ ಅಂತಾರೆ. ಜ ರೆಸ್ತ್."

"ಜ ರೆಸ್ತ್," ಎಂದ ಅವನು. ಹನ್ನೊಂದು ತಿಂಗಳು ಅವಳ ದನಿಯನ್ನು ಕತ್ತರಿಸಿ ಅಂಟಿಸಿದವನ ಉಚ್ಚಾರ ಕೂದಲಷ್ಟೂ ತಪ್ಪಲಿಲ್ಲ. ಅವಳು ಅಳುತ್ತಾ ನಕ್ಕಳು. ಅವನು ಕೈ ಚಾಚಿ ಅವಳ ಕೈಯಿಂದ ಹಾಳೆ ತೆಗೆದುಕೊಂಡು ಪಕ್ಕಕ್ಕಿಟ್ಟ. ಹಿಡಿದ ಅವಳ ಕೈಯನ್ನು ಮಾತ್ರ ಹಿಂದಿರುಗಿಸಲಿಲ್ಲ.

ಬಾಗಿಲು ದಡದಡ ಎಂದಿತು. "ಆಯ್ತೇನ್ರಯ್ಯಾ? ನಾಲ್ಕೂವರೆ," ಎಂದರು ಯಜಮಾನರು.

ಹೊರಗೆ ಬಂದು ಅವಳು ಸಹಿ ಮಾಡುವ ಕಾಗದ ತೆಗೆದುಕೊಂಡಳು. "ಹನ್ನೆರಡು ತಗೊಳ್ಳಿ ಸರ್. ಐದನೇದು, ಹದಿನಾಲ್ಕನೇದು ಬಿಡಿ. ಅವು ಕೊಡೋಕಲ್ಲ."

ಯಜಮಾನರ ಮುಖ ಇಳಿಯಿತು. "ನಕ್ಷತ್ರ ಹಾಕಿದ್ದೇ ಅವೆರಡಕ್ಕೆ ಅಲ್ವೇನಮ್ಮಾ. ಅವಿಲ್ಲದಿದ್ರೆ ಆ ಮೇಡಂ ಅರವತ್ತು ಪಾಠ ಕೊಡ್ತಾರೋ ಇಲ್ವೋ."

"ಕೊಡದಿದ್ರೆ ಇಲ್ಲ."

ಯಜಮಾನರು ಅವಳ ಮುಖ ನೋಡಿದರು, ಅವನ ಮುಖ ನೋಡಿದರು. ಅವರೇನು ಪೆದ್ದರಲ್ಲ. "ಸೋಫಾ ಕಿರ್ ಅಂತು," ಎಂದು ಗೊಣಗಿ ಐದು, ಹದಿನಾಲ್ಕರ ಮೇಲೆ ಅಡ್ಡಗೀಟು ಎಳೆದರು.

ಹನ್ನೆರಡು ವಾಕ್ಯಗಳ ಪಾಠ ಹೋಯಿತು, ಮೆಚ್ಚುಗೆಯೂ ಬಂತು. ಅರವತ್ತು ಪಾಠಗಳು ಮಾತ್ರ ಇನ್ನೊಬ್ಬ ಓದುವವಳಿಗೆ ಹೋದವು. ಕೇಳಿದ್ದನ್ನು ಕೊಡದವರ ಜೊತೆ ಕೆಲಸ ಕಷ್ಟ ಎಂದು ಪರೀಕ್ಷಕಿ ಮೇಡಂ ನೇರವಾಗಿಯೇ ಬರೆದರು. ರೇಡಿಯೋದವರು ಅವನನ್ನು ಫೋನಿನಲ್ಲೇ ಚೆನ್ನಾಗಿ ಬೈದು ಬೇರೆಯವರನ್ನು ತೆಗೆದುಕೊಂಡರು. ಯಜಮಾನರು ಅಷ್ಟರಲ್ಲಿ ಹೊಸಬನನ್ನು ಗೊತ್ತುಮಾಡಿದ್ದರಿಂದ ಅವನಿಗೆ ಹಳೆಯ ಕೆಲಸದಲ್ಲಿ ವಾರಕ್ಕೆ ಮೂರು ದಿನ ಉಳಿಯಿತು. ಅವನ ಅಪ್ಪ ಕಟ್ಟಿದ ಪೆಟ್ಟಿಗೆ ಬಿಚ್ಚುತ್ತಾ ಯಾಕೆಂದು ಕೇಳಿದರು. ಅವನು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದ.

ಕಳೆದದ್ದು ಅವಳ ಅರವತ್ತು ಪಾಠ, ಅವನ ಒಂದೂವರೆ ಕೆಲಸ. ಸಿಕ್ಕಿದ್ದು ಅವಳಿಗೆ ಅವನು, ಅವನಿಗೆ ಅವಳು. ಆರು ತಿಂಗಳ ಮೇಲೆ ಮದುವೆಯಾದರು.